ಮೆಟ್ಟಿಲಿಗೆ ಬಣ್ಣ ಹಚ್ಚುವ ಮೊದಲು

ಫೆಬ್ರವರಿ ಹದಿನೇಳು, ಸೋಮವಾರ, ಮಧ್ಯಾಹ್ನ

ಮೇಷ್ಟ್ರಿಗೆ,

ಕರಡಚ್ಚಿನ ಕಟ್ಟು ಶುಕ್ರವಾರ ಕೈ ಸೇರಿತು. ನಮ್ಮ ಪುಸ್ತಕದ ಹೊಸ ಆವೃತ್ತಿಗೆಂದು ನೀವು ಸೇರಿಸಿರುವ ಇಂಗ್ಲಿಷ್ ಉದಾಹರಣೆಗಳನ್ನೆಲ್ಲ ಓದಿದೆ. ಒಂದನ್ನು ಬಿಟ್ಟು ಉಳಿದವಕ್ಕೆಲ್ಲ ಕೆಳಗಿನ ಸಾಲು, ಅಂದರೆ ಕನ್ನಡದ ಸಾಲು, ಬರೆದು ಮುಗಿಸಿದ್ದೇನೆ. ಪ್ರಕಾಶಕರ ಒಪ್ಪಿಗೆ ಪತ್ರಕ್ಕೆ ಇನ್ನೂ ರುಜು ಹಾಕಿಲ್ಲ. ಹಾಕುತ್ತೇನೋ ಇಲ್ಲವೋ ಎಂಬುದು ಆ ಬಿಟ್ಟ ಒಂದರ ಮೇಲೆ ನಿಂತಿದೆ.

ಕ್ಷೇಮ ಸಮಾಚಾರ ವಿಚಾರಿಸುತ್ತಿಲ್ಲ. ನೀವೂ ವಿಚಾರಿಸಿರಲಿಲ್ಲ. ನಾನು ಮನೆ ಬಿಟ್ಟು ಬಂದ ಮೇಲೆ ನಿಮ್ಮಿಂದ ಬಂದ ಮೊದಲ ಬರಹ ಅದು, ಕಟ್ಟಿನ ಮೇಲೆ ಗುಂಡುಸೂಜಿಯಿಂದ ಚುಚ್ಚಿದ ಒಂದು ತುಂಡು ಕಾಗದ. "ಹಳೆಯ ಚೀಟಿಗಳ ಪೆಟ್ಟಿಗೆಯಲ್ಲಿ ಇನ್ನಷ್ಟು ಸಿಕ್ಕವು. ಮೇಲಿನ ಸಾಲು ಹಾಕಿದ್ದೇನೆ, ಕೆಳಗಿನದು ನಿನ್ನದು. ಒಂದಂತೂ ರತ್ನ. ಯಾವುದೆಂದು ಹೇಳುವುದಿಲ್ಲ, ಕಂಡ ತಕ್ಷಣ ನಿನಗೇ ಗೊತ್ತಾಗುತ್ತದೆ" ಎಂದು ಬರೆದಿದ್ದಿರಿ.

ಗೊತ್ತಾಯಿತು.

ನಿಮಗೆ ತಿಳಿದಿರುವುದನ್ನೇ ಮೊದಲು ಒಂದಿಷ್ಟು ಬರೆಯುತ್ತೇನೆ. ತಿಳಿದದ್ದು ಮರೆತುಹೋಗಿದೆಯೇನೋ ಎಂಬ ಗುಮಾನಿ ನನಗಿದೆ. ನಮ್ಮ ಪುಸ್ತಕ ಶುರುವಾದದ್ದು ಬ್ರೆಡ್ಡಿನ ಅಂಗಡಿಯ ಬಾಗಿಲಲ್ಲಿ. ಮಳೆಗೆ ಸಿಕ್ಕಿಬಿದ್ದು ನಾವಿಬ್ಬರೂ ಆ ಅಂಗಡಿಯ ಮುಂದೆ ಬಂದು ನಿಂತಿದ್ದೆವು. ಒಳಗಿನಿಂದ, ಇಂಗ್ಲಿಷೇ ಮನೆಮಾತಾಗಿದ್ದ ಅಂಗಡಿಯಾಕೆ, "ಕಮ್ ಆನ್ ಇನ್ ಔಟ್ ಆಫ್ ದ ರೈನ್" ಎಂದು ಕೂಗಿದಳು. ನಾನು ಒಳಗೆ ಹೋದೆ. ನೀವು ಹೊರಗೇ ನಿಂತು ಬೆರಳು ಮಡಿಸಿ ಎಣಿಸುತ್ತಿದ್ದಿರಿ. ಆನ್, ಇನ್, ಔಟ್, ಆಫ್. ನಾಲ್ಕು ಸಣ್ಣ ಪದ, ನಡುವೆ ಒಂದು ದೊಡ್ಡ ಪದವಿಲ್ಲ, ಆದರೂ ಆಕೆಗೆ ಎಲ್ಲೂ ನಾಲಿಗೆ ತೊಡರಲಿಲ್ಲ. ತಲೆಯಿಂದ ನೀರು ಸುರಿಯುತ್ತಿದ್ದರೂ ನಿಮ್ಮ ಮುಖದಲ್ಲಿ ಎಂಥ ಬೆಳಕಿತ್ತು ಎಂದರೆ, ಆ ಮುಖಕ್ಕಾಗಿಯೇ ನಾನು ಮದುವೆಯಾಗಿದ್ದು ಎಂದು ಅನ್ನಿಸಿತು. ಒಳಗೆ ಕರೆದವಳ ಮಾತಿಗೆ ಓಗೊಟ್ಟು ಒಳಗೆ ಬರಬೇಕು ಎಂಬುದು ನಿಮಗೆ ಹೊಳೆಯಲೇ ಇಲ್ಲ ಎಂಬುದನ್ನು ನಾನು ಆವತ್ತು ಹಾಸ್ಯ ಎಂದುಕೊಂಡೆ. ವರ್ಷಗಟ್ಟಲೆ ಎಲ್ಲರಿಗೂ ಹಾಸ್ಯವಾಗಿಯೇ ಹೇಳಿದೆ.

ನಮ್ಮ ಸಂಜೆಯ ತರಗತಿಗೆ ಬರುತ್ತಿದ್ದವರಿಗೆ ಕಷ್ಟವಿದ್ದದ್ದೂ ಅಲ್ಲಿಯೇ. ದೊಡ್ಡ ಪದಗಳನ್ನು ಡಿಕ್ಷನರಿಯಲ್ಲಿ ನೋಡಿ ಕಲಿತುಬಿಡುತ್ತಿದ್ದರು. ಅಂಡ್, ಬಟ್, ಸಿನ್ಸ್ ಎಂಬ ಕಂಜಂಕ್ಷನ್ನುಗಳು ಗೊತ್ತು. ಇನ್, ಅಟ್, ಫ್ರಂ ಎಂಬ ಪ್ರಿಪೊಸಿಷನ್ನುಗಳು ಗೊತ್ತು. ಕ್ರಿಯಾಪದದ ಹಿಂದೆ ಬಾಲದ ಹಾಗೆ ಬರುವ ಅಪ್, ಡೌನ್, ಆಫ್ ಕೂಡ ಗೊತ್ತು. ಬೇರೆ ಬೇರೆಯಾಗಿ ಕೇಳಿದರೆ ಎಲ್ಲರೂ ಉತ್ತರ ಹೇಳುವವರೇ. ಅವೇ ಮೂರು ನಾಲ್ಕು ಒಟ್ಟಿಗೆ ಬಂದರೆ ಬಾಯಿ ಕಟ್ಟುತ್ತಿತ್ತು. ಬಸ್ಸಿನ ಡ್ರೈವರ್ ಒಬ್ಬ ಹೇಳುತ್ತಿದ್ದನಲ್ಲ, "ಮೇಡಂ, ಒಂದೊಂದಾಗಿ ಬಂದ್ರೆ ನಾನ್ ನೋಡ್ಕೊಳ್ತೀನಿ. ಗುಂಪು ಕಟ್ಕೊಂಡ್ ಬಂದ್ರೆ ಮಾತ್ರ ನಿಲ್ಲಿಸ್ದೆ ಹೋಗ್ಬಿಡ್ತೀನಿ" ಎಂದು.

ನಮ್ಮ ಭಾಷೆಯಲ್ಲಿ ಇವಕ್ಕೆ ಒಂಟಿಯಾಗಿ ಓಡಾಡುವ ಅಭ್ಯಾಸವಿಲ್ಲ. ಹಿಂದಿನ ಪದದ ಬೆನ್ನಿಗೆ ಅಂಟಿಕೊಂಡು, ಅದರ ಮನೆಯ ಮಕ್ಕಳ ಹಾಗೆ ಬರುತ್ತವೆ. ಇಂಗ್ಲಿಷಿನಲ್ಲಿ ಅವು ಬೀದಿಯಲ್ಲಿ ಬಿಡಿಬಿಡಿಯಾಗಿ ತಿರುಗುತ್ತವೆ, ಹತ್ತಿರ ಸಿಕ್ಕವರ ಕೈ ಹಿಡಿಯುತ್ತವೆ. ಯಾರು ಯಾರ ಕೈ ಹಿಡಿಯುತ್ತಾರೆ ಎಂಬುದನ್ನು ಯಾವ ನಿಯಮದಿಂದಲೂ ಪೂರ್ತಿ ಹೇಳಲಾಗುವುದಿಲ್ಲ, ಕೇಳಿಯೇ ಹಿಡಿಯಬೇಕು ಎಂದು ನೀವು ಹೇಳಿದಿರಿ. ಅದರಿಂದಲೇ ನಮ್ಮ ಒಂದೇ ಕಟ್ಟಳೆ ಹುಟ್ಟಿತು. ಪುಸ್ತಕದ ಯಾವ ಉದಾಹರಣೆಯನ್ನೂ ನಾವು ಕೂತು ಕಟ್ಟಬಾರದು. ಯಾರಾದರೂ, ಎಲ್ಲಾದರೂ, ನಮ್ಮ ಕಿವಿಗೆ ಬೀಳುವಂತೆ ನಿಜವಾಗಿ ಆಡಿದ ಮಾತೇ ಆಗಬೇಕು. "ಯಾರೂ ಆಡದ ಮಾತನ್ನ ಯಾಕ್ರೀ ಕಲೀಬೇಕು?" ಎಂದು ತರಗತಿಯಲ್ಲಿ ಮೇಜು ಕುಟ್ಟಿ ಕೇಳುತ್ತಿದ್ದಿರಿ. ನೀವು ಈ ಕಟ್ಟಳೆ ಒಮ್ಮೆಯೂ ಮುರಿದವರಲ್ಲ. ಅದನ್ನು ನಾನು ಬಲ್ಲೆ. ಇವತ್ತು ಈ ಕಾಗದ ಬರೆಯುವುದಕ್ಕೆ ಆಧಾರವೂ ಅದೇ.

ಕೇಳಿದ ಮಾತುಗಳನ್ನು ಬರೆದಿಟ್ಟ ಚೀಟಿಗಳನ್ನು ಗುಡ್ಡೆ ಹಾಕಿಕೊಂಡು ನಾವು ಕೂರುತ್ತಿದ್ದ ಕ್ರಮ ನೆನಪಿದೆಯೇ? ನೀವು ಇಂಗ್ಲಿಷ್ ಓದುವುದು, ನಾನು ಕನ್ನಡ ಹೇಳುವುದು, ನೀವು ಬರೆಯುವುದು. ಸೋರುವ ಕೊಳಾಯಿ ನೋಡಲು ಬಂದ ರಿಪೇರಿಯವನು ಹೇಳಿ ಹೋದ "ಇಫ್ ಅಂಡ್ ವೆನ್ ಐ ಗೆಟ್ ರೌಂಡ್ ಟು ಇಟ್" ಎಂಬುದಕ್ಕೆ ನಾನು "ಮಾಡೋಣ, ಮಾಡೋಣ" ಎಂದೆ. ನೀವು ಪೆನ್ನು ಎತ್ತಿಬಿಟ್ಟಿರಿ. "ಅಲ್ವೇ, ಅಷ್ಟುದ್ದಕ್ಕೆ ಇಷ್ಟೇನಾ? ಇಫ್ ಎಲ್ಲಿ ಹೋಯ್ತು?" ಎಂದಿರಿ. "ಎರಡನೇ 'ಮಾಡೋಣ'ದಲ್ಲಿದೆ ಮೇಷ್ಟ್ರೇ. ಒಂದೇ ಸಲ ಅಂದಿದ್ರೆ ಮಾಡ್ತಿದ್ದ" ಎಂದೆ. ನೀವು ಕನ್ನಡಕ ತೆಗೆದು ನಕ್ಕಿರಿ. ಮದುವೆಗೆ ಮೊದಲು ನಿಮ್ಮ ತರಗತಿಯಲ್ಲಿ ಕೂತವಳು ನಾನು. ಮೇಷ್ಟ್ರೇ ಎನ್ನುವ ಅಭ್ಯಾಸ ಬಿಡಲಿಲ್ಲ, ಬಿಡಬೇಕೆಂದು ನೀವೂ ಹೇಳಲಿಲ್ಲ. ಮುಖಪುಟದಲ್ಲಿ ನಿಮ್ಮ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ನನ್ನದು ಬಂದಾಗಲೂ, ಮೇಲಿನ ಸಾಲು ಕೆಳಗಿನ ಸಾಲು ಎಂದುಕೊಂಡು ಸುಮ್ಮನಿದ್ದೆ. ಅದರ ದೂರು ಇವತ್ತೂ ಇಲ್ಲ.

ಇನ್ನು ನನ್ನ ತಂಗಿಯ ವಿಷಯ.

ಅವಳಿಗೆ ಹೋಟೆಲಿನ ಸ್ವಾಗತದ ಮೇಜಿನಲ್ಲಿ ಕೆಲಸ ಸಿಕ್ಕಿ ನಮ್ಮ ಮನೆಗೆ ಬಂದಳು. ಕೆಳಗೆ ತರಗತಿ, ಮೇಲೆ ಮನೆ, ನಡುವೆ ಕಿರಿದಾದ ಮರದ ಮೆಟ್ಟಿಲು. ಅವಳಿಗೆಂದು ಮೇಲಿನ ಪುಸ್ತಕದ ಕೋಣೆ ಖಾಲಿ ಮಾಡಿಕೊಟ್ಟವರು ನೀವೇ. ದಿನವಿಡೀ ದೇಶ ದೇಶದವರೊಂದಿಗೆ ಮಾತಾಡಿ ಬರುತ್ತಿದ್ದ ಅವಳ ಇಂಗ್ಲಿಷ್ ನಮ್ಮಿಬ್ಬರದಕ್ಕಿಂತ ಎಷ್ಟೋ ಸಲೀಸು. ನಾವು ನೋಡಿ ಕಲಿತವರು, ಅವಳು ಬಿದ್ದು ಎದ್ದು ಕಲಿತವಳು. ನೀವು ಅವಳಿಗೆ 'ಆಕರ' ಎಂದು ಹೆಸರಿಟ್ಟಿರಿ. ಪಂಡಿತರಿಗೆ ಆಕರ ಗ್ರಂಥವಿರುತ್ತದೆ, ನಮಗೆ ಆಕರ ನಾದಿನಿ ಇದ್ದಾಳೆ ಎಂದಿರಿ. ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, "ಬಾರಮ್ಮ ಆಕರ, ಇವತ್ತೇನ್ ತಂದೆ?" ಎನ್ನುತ್ತಿದ್ದಿರಿ. ಅವಳು ಚಪ್ಪಲಿ ಬಿಡುತ್ತಲೇ, "ಭಾವ, ಒಂದ್ ಲೋಟ ಟೀ ಕೊಡದೆ ಒಂದ್ ಪದಾನೂ ಇಲ್ಲ" ಎನ್ನುತ್ತಿದ್ದಳು.

ಟೀ ಕುಡಿಯುವ ಹೊತ್ತಿನಲ್ಲಿ ಮೇಜಿನ ಸುತ್ತ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು, ಕನ್ನಡ ಬಾಯಿಗೆ ಬಂದವರು ಲೋಟ ತೊಳೆಯಬೇಕು ಎಂಬ ಆಟವನ್ನೂ ನೀವೇ ಹೂಡಿದ್ದು. ಹೆಚ್ಚಾಗಿ ತೊಳೆದವಳು ನಾನು. ಅವಳು ಒಮ್ಮೆಯೂ ಸೋತದ್ದು ಕಾಣೆ. ಬೇಕೆಂದೇ ಬಿಸಿ ಲೋಟವನ್ನು ಅವಳ ಕೈಗೆ ಕೊಟ್ಟು, "ಅಯ್ಯೋ" ಎನ್ನಲಿ ಎಂದು ನಾನು ಕಾದರೆ, "ಓ, ಕಮ್ ಆಫ್ ಇಟ್, ಅಕ್ಕ" ಎಂದು, ಸಾಕು ನಾಟಕ ಎನ್ನುವ ಹಾಗೆ, ನಗುತ್ತಿದ್ದಳು. 'ಅಕ್ಕ' ಎಂಬುದು ಕನ್ನಡವಲ್ಲವೇ ಎಂದು ನಾನು ವಾದಿಸಿದರೆ, ಅದು ಸಂಬಂಧ, ಭಾಷೆಯಲ್ಲ ಎಂದು ನೀವು ತೀರ್ಪು ಕೊಡುತ್ತಿದ್ದಿರಿ. ಆ ತೀರ್ಪು ನನಗೆ ಬಹಳ ಇಷ್ಟವಾಗಿತ್ತು. ನಿಮ್ಮಿಂದ ಬಂದದ್ದರಲ್ಲಿ ಈಗಲೂ ಇಷ್ಟವಾಗಿ ಉಳಿದದ್ದು ಅದೊಂದೇ.

ಈಗ ನಿಮ್ಮ ರತ್ನಕ್ಕೆ ಬರುತ್ತೇನೆ. ಕರಡಚ್ಚಿನ ಏಳನೆಯ ಅಧ್ಯಾಯ, ಸಣ್ಣ ಪದಗಳ ದೊಡ್ಡ ಗುಂಪುಗಳು. ಮೊದಲ ಉದಾಹರಣೆ.

"ಇಟ್ಸ್ ಬೀನ್ ಹರ್ಟಿಂಗ್ ಆನ್ ಅಂಡ್ ಆಫ್ ಸಿನ್ಸ್ ಬಿಫೋರ್ ವಿ ಪೇಂಟೆಡ್ ದ ಸ್ಟೇರ್ಸ್, ಬಟ್ ಐ ಪುಟ್ ಇಟ್ ಡೌನ್ ಟು ಸ್ಟ್ಯಾಂಡಿಂಗ್ ಅಬೌಟ್ ಅಟ್ ದ ಡೆಸ್ಕ್."

ಅದರ ಕೆಳಗೆ ನನಗಾಗಿ ಬಿಟ್ಟ ಖಾಲಿ ಸಾಲು. ಅದರ ಕೆಳಗೆ ನಿಮ್ಮ ಟಿಪ್ಪಣಿ. ಅದನ್ನು ನೀವು ಬರೆದಂತೆಯೇ ಇಳಿಸುತ್ತೇನೆ. "ಆನ್, ಅಂಡ್, ಆಫ್, ಸಿನ್ಸ್, ಬಿಫೋರ್: ಐದು ಸಣ್ಣ ಪದಗಳು ಬೆನ್ನು ಬೆನ್ನಿಗೆ. ಮುಂದೆ ಡೌನ್ ಟು, ಅದರ ಮುಂದೆ ಅಬೌಟ್ ಅಟ್. ವಾಕ್ಯದ ಬೆನ್ನೆಲುಬು ಇವೇ. ಕ್ರಿಯಾಪದ ಇಲ್ಲಿ ಮುಖ್ಯವಲ್ಲ. ಹರ್ಟಿಂಗ್ ತೆಗೆದು ಲೀಕಿಂಗ್ ಎಂದೋ ರಿಂಗಿಂಗ್ ಎಂದೋ ಹಾಕಿದರೂ ರಚನೆ ಕೆಡುವುದಿಲ್ಲ. ವಿದ್ಯಾರ್ಥಿಗಳು ಬೇರೆ ಬೇರೆ ಕ್ರಿಯಾಪದ ಹಾಕಿ ಅಭ್ಯಾಸ ಮಾಡಬಹುದು."

ಇದನ್ನು ಓದುವಾಗ ನಾನು ನಿಂತಿದ್ದೆ. ಓದಿ ಮುಗಿಸಿ ಕೂತೆ. ಈ ಕೋಣೆಯ ಕಿಟಕಿಯ ಕೆಳಗೆ ಬಸ್ಸುಗಳು ತಿರುಗುವ ಜಾಗವಿದೆ. ಒಂದರ ಹಿಂದೆ ಒಂದು ಬಂದು, ತಿರುಗಿ ಹೋದವು. ನಾನು ಅಲ್ಲೇ ಇದ್ದೆ.

ಮೆಟ್ಟಿಲಿಗೆ ಬಣ್ಣ ಹಚ್ಚಿದ್ದು ಅವಳು ನಮ್ಮ ಮನೆಯಲ್ಲಿದ್ದ ಕೊನೆಯ ವರ್ಷದ ಮಾರ್ಚಿನಲ್ಲಿ, ತರಗತಿಗೆ ರಜೆ ಕೊಟ್ಟಿದ್ದ ವಾರ. ಮೂವರೂ ಕೂಡಿ ಹಚ್ಚಿದೆವು. ಮೇಲೆ ಕೆಳಗೆ ಓಡಾಡಲು ದಾರಿ ಬೇಕಲ್ಲ, ಅದಕ್ಕೆ ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಹಸಿರು ಬಣ್ಣ ಬಳಿದು, ಒಣಗಿದ ಮೇಲೆ ಉಳಿದವಕ್ಕೆ ಬಳಿದೆವು. ಅಲ್ಲಿಯವರೆಗೆ ಎಲ್ಲರೂ ಕಪ್ಪೆಗಳ ಹಾಗೆ ಹಾರಿ ಹಾರಿ ಹತ್ತುತ್ತಿದ್ದೆವು. ಅವಳು ಅರ್ಧಕ್ಕೆ ನಿಂತು, ಬಣ್ಣ ಹಚ್ಚದ ಮೆಟ್ಟಿಲ ಮೇಲೆ ಕೂತು, "ಸಾಕಪ್ಪಾ ಭಾವ, ನಿಮ್ಮ ಮನೆ ಮೆಟ್ಲು ಹತ್ತೋದಕ್ಕೆ ಸರ್ಕಸ್ ಕಲೀಬೇಕು" ಎಂದು ನಕ್ಕದ್ದು ನನ್ನ ಕಣ್ಣ ಮುಂದಿದೆ. ಒಂದು ಕೈಯಲ್ಲಿ ಬ್ರಷ್ಷಿತ್ತು. ಇನ್ನೊಂದು ಕೈ ಎಲ್ಲಿತ್ತು ಎಂಬುದನ್ನು ಶುಕ್ರವಾರದಿಂದ ಯೋಚಿಸುತ್ತಿದ್ದೇನೆ.

ಆ ಜೂನಿನಲ್ಲಿ ಅವಳನ್ನು ಹೋಟೆಲಿನವರು ನಿಂತು ಕೆಲಸ ಮಾಡುವ ಮೇಜಿನಿಂದ ಒಳಗಿನ ಟೆಲಿಫೋನ್ ಕೋಣೆಗೆ ಹಾಕಿದರು. ಕುರ್ಚಿ ಸಿಕ್ಕಿತೆಂದು ಅವಳು ಸಿಹಿ ತಂದಿದ್ದಳು. ಮೇಜಿನ ಮುಂದೆ ನಿಂತು ನಿಂತು ಹೀಗಾಗಿದೆ ಎಂಬ ಮಾತನ್ನು ಅವಳು ಅದಕ್ಕೂ ಮುಂಚೆಯೇ ಆಡಿರಬೇಕು. ಎಂದರೆ ಏಪ್ರಿಲ್, ಹೆಚ್ಚೆಂದರೆ ಮೇ. ಟೀ ಮೇಜಿನಲ್ಲಿ ನಾನಿದ್ದಿದ್ದರೆ ನನ್ನ ಕಿವಿಗೂ ಬೀಳುತ್ತಿತ್ತು. ನಾನಿಲ್ಲದ ದಿನ ಶನಿವಾರ ಮಾತ್ರ, ಆಸ್ಪತ್ರೆಯ ನರ್ಸುಗಳಿಗೆ ಅಲ್ಲೇ ಹೋಗಿ ಪಾಠ ಹೇಳುವ ದಿನ. ನಾನು ಆಸ್ಪತ್ರೆಯಲ್ಲಿದ್ದೆ, ಮೇಷ್ಟ್ರೇ. ಅವಳು ನಿಮ್ಮೆದುರು ಕೂತು ಎಲ್ಲೋ ನೋಯುತ್ತಿದೆ ಎಂದು ಹೇಳುತ್ತಿದ್ದಾಗ ನಾನು ಆಸ್ಪತ್ರೆಯಲ್ಲಿ, ಡಾಕ್ಟರುಗಳ ಕೋಣೆಯ ಪಕ್ಕದ ಕೋಣೆಯಲ್ಲಿ, ಕರಿಹಲಗೆಯ ಮುಂದೆ ನಿಂತಿದ್ದೆ.

ಹೊಟ್ಟೆಯ ಕೆಳಗಿನ ನೋವನ್ನು ಅಕ್ಕನ ಗಂಡನ ಮುಂದೆ ಅವಳು ಕನ್ನಡದಲ್ಲಿ ಎಂದೂ ಹೇಳುತ್ತಿರಲಿಲ್ಲ. ನಾಚಿ ಸಾಯುತ್ತಿದ್ದಳು. ಇಂಗ್ಲಿಷಿನಲ್ಲಿ ಅದು ಯಾರದೋ ಮಾತಿನ ಹಾಗೆ ಹಗುರವಾಗಿ ಬಂದಿರಬೇಕು. ಆಟದ ನಿಯಮ ನೆಪವಾಯಿತು. ಹೋಟೆಲಿನ ಅತಿಥಿಯೊಬ್ಬರು ದೂರು ಹೇಳುವ ಧಾಟಿಯಲ್ಲಿ, ಎಲ್ಲಿ ನೋಯುತ್ತಿದೆ ಎಂದು ಕೂಡ ಹೇಳದೆ, ನಡುವೆ ಒಂದಿಷ್ಟು ಸಣ್ಣ ಪದಗಳನ್ನು ತುಂಬಿ ಹೇಳಿದಳು. ಯಾರಾದರೂ "ಎಲ್ಲಮ್ಮ?" ಎಂದು ಕೇಳಲಿ ಎಂದು ಕಾದಿರಬೇಕು. ನೀವು ಚೀಟಿ ತೆಗೆದಿರಿ.

ಅಕ್ಟೋಬರಿನಲ್ಲಿ ಅವಳು ಸ್ನಾನದ ಮನೆಯಲ್ಲಿ ಬಿದ್ದಳು. ನಾವು ಮೂವರೂ ಡಾಕ್ಟರ ಮುಂದೆ ಕೂತೆವು. "ಎಷ್ಟ್ ದಿನದಿಂದ ಇದೆ ನೋವು?" ಎಂದು ಡಾಕ್ಟರು ಕೇಳಿದರು. "ಎರಡ್ ಮೂರು ವಾರ ಆಗಿರ್ಬೇಕು" ಎಂದು ನಾನು ಹೇಳಿದೆ. ನನಗೆ ಅಷ್ಟೇ ಗೊತ್ತಿದ್ದದ್ದು. ಆಗ ಅವಳು ನಿಮ್ಮ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ನೀವು ಪೆನ್ನಿನ ಟೋಪಿ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಿರಿ. ಆಮೇಲೆ ಅವಳು, "ಹೌದು ಡಾಕ್ಟ್ರೇ, ಅಕ್ಕ ಹೇಳಿದ್ ಹಾಗೇ" ಎಂದಳು. ಬಾಗಿಲ ಹೊರಗೆ ಡಾಕ್ಟರು ನನ್ನೊಬ್ಬಳನ್ನೇ ಕರೆದು, "ಇದು ಹೊಸದಾಗಿ ಬಂದಿದ್ದಲ್ಲಮ್ಮ. ಬೇಸಿಗೆಯಲ್ಲೇ ಕರ್ಕೊಂಡ್ ಬಂದಿದ್ರೆ ಏನಾದ್ರೂ ಮಾಡ್ಬಹುದಿತ್ತು" ಎಂದರು. ಆ ಮಾತನ್ನು ನಾನು ನಿಮಗೆ ಹೇಳಿದೆ. ಮಾರನೆಯ ವರ್ಷದ ಕ್ಯಾಲೆಂಡರನ್ನು ಅವಳು ನೋಡಲಿಲ್ಲ.

ನಾನು ಮನೆ ಬಿಟ್ಟದ್ದು ಯಾಕೆ ಎಂದು ನೀವು ಒಮ್ಮೆ ಕೇಳಿದ್ದಿರಿ. ಸಾಮಾನು ಕಟ್ಟುವಾಗ, ಬಾಗಿಲಿಗೆ ಒರಗಿ ನಿಂತು. ನಾನು ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ. ಡಾಕ್ಟರ ಕೋಣೆಯ ಆ ನೋಟದ ಕಾರಣದಿಂದ ಬಿಟ್ಟೆ. ಒಬ್ಬ ಹೆಂಗಸು ಒಬ್ಬ ಗಂಡಸನ್ನು ಹಾಗೆ ನೋಡಿದರೆ, ಇಬ್ಬರಿಗೆ ಮಾತ್ರ ಗೊತ್ತಿರುವುದು ಏನೋ ಇದೆ ಎಂದರ್ಥ. ಅದನ್ನು ನಾನು ಎಲ್ಲರೂ ಮಾಡುವಂತೆಯೇ ಅರ್ಥ ಮಾಡಿಕೊಂಡೆ. ಮೆಟ್ಟಿಲ ಸದ್ದಿಗೆ ನೀವು ಕುರ್ಚಿಯಿಂದ ಏಳುತ್ತಿದ್ದದ್ದು, ಅವಳಿಗೆಂದು ಖಾಲಿ ಮಾಡಿದ ಕೋಣೆ, ಆಕರ ಎಂಬ ಹೆಸರು, ಅವಳು ಹೋದ ಮೇಲೆ ನೀವು ತಿಂಗಳುಗಟ್ಟಲೆ ಬಾಯಿ ಬಿಡದೆ ಕೂತದ್ದು, ಎಲ್ಲವೂ ಆ ಅರ್ಥಕ್ಕೆ ಸರಿಯಾಗಿ ಹೊಂದಿದವು. ಸತ್ತವಳ ಮೇಲೆ ಜಗಳ ಆಡುವಂತಿರಲಿಲ್ಲ. ಪೆಟ್ಟಿಗೆ ಕಟ್ಟಿದೆ.

ಎರಡು ವರ್ಷ ಅದನ್ನು ನುಂಗಿಕೊಂಡು ಬದುಕಿದ್ದೇನೆ. ನೀವು ಅವಳನ್ನು ಪ್ರೀತಿಸಿದ್ದಿರಿ ಎಂದು. ಈಗ ಅನ್ನಿಸುತ್ತದೆ, ಅದೇ ನಿಜವಾಗಿದ್ದರೆ ಎಷ್ಟೋ ವಾಸಿಯಿತ್ತು. ಪ್ರೀತಿಸಿದವರಾಗಿದ್ದರೆ ಕೇಳುತ್ತಿದ್ದಿರಿ. ಅವಳು ಬದುಕುತ್ತಿದ್ದಳು. ನನ್ನ ಸಂಸಾರ ಹಾಳಾಗಿರುತ್ತಿತ್ತು, ಅದು ಹೇಗೂ ಹಾಳಾಯಿತು.

ನೀವು ಬೇಕೆಂದೇ ಮುಚ್ಚಿಟ್ಟಿರಿ ಎಂದು ನಾನು ಹೇಳುತ್ತಿಲ್ಲ. ಮೊದಲ ದಿನ ಹಾಗೆ ಅಂದುಕೊಂಡೆ. ಡಾಕ್ಟರ ಮುಂದೆ ಹೆದರಿ ಸುಮ್ಮನಾದರು, ಆಮೇಲೆ ಹೇಳಲು ಬಾಯಿ ಬರಲಿಲ್ಲ ಎಂದು. ಅಂಥ ಗಂಡಸರಿದ್ದಾರೆ, ಅಂಥವರನ್ನು ಕ್ಷಮಿಸಿದ ಹೆಂಗಸರೂ ಇದ್ದಾರೆ. ಎರಡನೆಯ ದಿನ ನಿಮ್ಮ ತುಂಡು ಕಾಗದವನ್ನು ಮತ್ತೆ ಓದಿದೆ. ಗೊತ್ತಿದ್ದವನು ಈ ವಾಕ್ಯವನ್ನು ಅಚ್ಚಿಗೆ ಕೊಡುವುದಿಲ್ಲ. ಕೊಟ್ಟರೂ ಅದನ್ನು ಅವಳ ಅಕ್ಕನಿಗೆ ಕಳಿಸುವುದಿಲ್ಲ. ಕಳಿಸಿದರೂ ರತ್ನ ಎನ್ನುವುದಿಲ್ಲ. ನೀವು ಮುಚ್ಚಿಟ್ಟದ್ದೇನೂ ಇಲ್ಲ. ಆವತ್ತು ನಿಮ್ಮ ಕಿವಿಗೆ ಬಿದ್ದದ್ದು ಐದು ಸಣ್ಣ ಪದ. ಡಾಕ್ಟರ ಕೋಣೆಯಲ್ಲಿ ಅವಳು ನಿಮ್ಮನ್ನು ನೋಡಿದಾಗಲೂ ನಿಮಗೆ ನೆನಪಾಗಲಿಲ್ಲ, ಯಾಕೆಂದರೆ ನೆನಪಾಗಲು ಒಳಗೆ ಏನೂ ಇರಲಿಲ್ಲ. ಇವತ್ತಿಗೂ ಇಲ್ಲ. ನನಗೆ ಸಿಟ್ಟು ಬಂದದ್ದು ಎರಡನೆಯ ದಿನ.

ನಮ್ಮ ವಿದ್ಯಾರ್ಥಿಗಳು ಲೀಕಿಂಗ್ ಹಾಕಿ ಅಭ್ಯಾಸ ಮಾಡಬೇಕಂತೆ. ರಿಂಗಿಂಗ್ ಹಾಕಿ ಅಭ್ಯಾಸ ಮಾಡಬೇಕಂತೆ. ಕೊಳಾಯಿ ಮೆಟ್ಟಿಲಿಗೆ ಬಣ್ಣ ಹಚ್ಚುವ ಮುಂಚಿನಿಂದ ಸೋರಬಹುದು, ಟೆಲಿಫೋನು ಮುಂಚಿನಿಂದ ಬಡಿದುಕೊಳ್ಳಬಹುದು, ರಚನೆ ಕೆಡುವುದಿಲ್ಲ. ನೀವು ಬರೆದದ್ದು ಸರಿ. ಆ ಪುಟದಲ್ಲಿ ತಪ್ಪು ಹುಡುಕಬೇಕೆಂದು ಹಠ ಹಿಡಿದು ಕೂತಿದ್ದೆ, ಒಂದೂ ಸಿಗಲಿಲ್ಲ. ಅಲ್ಪವಿರಾಮ ಕೂಡ ಸರಿಯಾದ ಜಾಗದಲ್ಲಿದೆ.

ಕೆಳಗಿನ ಸಾಲು ಬರೆಯಲು ನಾನು ಪ್ರಯತ್ನಿಸಲಿಲ್ಲ ಎಂದಲ್ಲ. ಶನಿವಾರ ಇಡೀ ದಿನ ಅದನ್ನೇ ಮಾಡಿದೆ. ನಿಮಗೊಂದು ವಿಷಯ ಹೇಳಬೇಕು. ಕನ್ನಡದಲ್ಲಿ ಅದನ್ನು ಹೇಗೆ ತಿರುಗಿಸಿದರೂ ಆ ಸಣ್ಣ ಪದಗಳೆಲ್ಲ ಮುಂದೆ ಹೋಗಿ ಯಾವ ಯಾವುದಕ್ಕೋ ಅಂಟಿಕೊಂಡು ಕಾಣೆಯಾಗುತ್ತವೆ. ಬಿಟ್ಟು ಬಿಟ್ಟು ಬರುವುದು, ಬಣ್ಣಕ್ಕಿಂತ ಹಳೆಯದಾದದ್ದು, ನಿಂತು ನಿಂತು ಹೀಗಾಯಿತೆಂದುಕೊಂಡದ್ದು, ಎಲ್ಲವೂ ದಾರಿ ಬಿಟ್ಟು ಸರಿದು, ಕಟ್ಟಕಡೆಗೆ ನೋವು ಒಂದೇ ನಿಲ್ಲುತ್ತದೆ. ಹೇಳುವವಳು ಅದನ್ನು ಹೇಳದೆ ವಾಕ್ಯ ಮುಗಿಯುವುದಿಲ್ಲ. ಅವಳು ಒಂದು ಸಲ ಆಟದಲ್ಲಿ ಸೋತು, ಕನ್ನಡದಲ್ಲಿ ಹೇಳಿ, ಲೋಟ ತೊಳೆದಿದ್ದರೆ ಎಂದು ಯೋಚಿ‌ಸುತ್ತ ಕೂತೆ. ಐದಾರು ಸಲ ಬರೆದೆ, ಐದಾರು ಸಲವೂ ಹೊಡೆದುಹಾಕಿದೆ. ಸರಿಬರಲಿಲ್ಲ ಎಂದಲ್ಲ, ಎಲ್ಲವೂ ಸರಿಯಾಗಿದ್ದವು. ನನ್ನ ಕೈಯಿಂದ ಸರಿಯಾಗಿ ಬರೆಸಿಕೊಂಡು, ಮೇಲಿನ ಸಾಲಿನ ಕೆಳಗೆ ಅಂದವಾಗಿ ಕೂರಿಸಿಕೊಂಡು, ನೀವು ಮುಂದಿನ ಉದಾಹರಣೆಗೆ ಹೋಗುತ್ತೀರಿ ಎಂಬುದು ಕಣ್ಣಿಗೆ ಕಟ್ಟಿತು. ಅದಕ್ಕೇ ಹೊಡೆದುಹಾಕಿದೆ.

ವಾಕ್ಯವನ್ನೇ ಪುಸ್ತಕದಿಂದ ತೆಗೆಯಿರಿ ಎಂದು ಬರೆಯಬಹುದಿತ್ತು. ನೀವು ಒಂದು ಮಾತೂ ಆಡದೆ ತೆಗೆಯುತ್ತೀರಿ. ಯಾಕೆಂದು ತಿಳಿಯದೆಯೇ ತೆಗೆಯುತ್ತೀರಿ. ಅದು ನನಗೆ ಬೇಕಿಲ್ಲ.

ಹಾಗಾಗಿ ಹೀಗೆ ತೀರ್ಮಾನಿಸಿದ್ದೇನೆ. ಈ ಕಾಗದವನ್ನು ನಾಳೆ ಟಪಾಲಿಗೆ ಹಾಕುತ್ತೇನೆ. ಕರಡಚ್ಚಿನ ಕಟ್ಟನ್ನೂ ಒಪ್ಪಿಗೆ ಪತ್ರವನ್ನೂ ಟಪಾಲಿಗೆ ಕೊಡುವುದಿಲ್ಲ, ಗುರುವಾರ ನಾನೇ ತರುತ್ತೇನೆ. ತರಗತಿ ಮುಗಿದು ಎಲ್ಲರೂ ಹೋದ ಮೇಲೆ ಆ ಹಸಿರು ಮೆಟ್ಟಿಲು ಹತ್ತಿ ಬರುತ್ತೇನೆ. ಟೀ ಮಾಡುವುದು ಬೇಡ. ಮೇಜಿನ ಈ ಕಡೆ ನಾನು, ಆ ಕಡೆ ನೀವು, ಹಿಂದೆ ಕೂರುತ್ತಿದ್ದ ಹಾಗೆಯೇ. ಈ ಸಲ ಇಂಗ್ಲಿಷ್ ಓದುವವಳು ನಾನು. ಕನ್ನಡ ಹೇಳಬೇಕಾದವರು ನೀವು. ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ಅದು ನಿನ್ನ ಭಾಗ ಎಂದು ನೀವು ಶುರುಮಾಡುತ್ತೀರಿ. ಚೆನ್ನಾಗಿರಬೇಕಿಲ್ಲ. ಬಾಯಿ ಬಿಟ್ಟು, ಕಡೆಯ ಪದದವರೆಗೆ ಹೇಳಿದರೆ ಸಾಕು. ಹೇಳಿದರೆ ಅದನ್ನು ಖಾಲಿ ಸಾಲಿನಲ್ಲಿ ಬರೆದು, ಒಪ್ಪಿಗೆ ಪತ್ರಕ್ಕೆ ರುಜು ಹಾಕಿ, ಅಲ್ಲೇ ಇಟ್ಟು ಬರುತ್ತೇನೆ. ಹೇಳದಿದ್ದರೆ ಸಾಲೂ ಖಾಲಿ, ಪತ್ರವೂ ಖಾಲಿ. ಎರಡರಲ್ಲಿ ಯಾವುದಾದರೂ ಆ ಮನೆಯಲ್ಲಿ ನಾನು ಉಳಿಯುವುದಿಲ್ಲ. ಅದಕ್ಕಾಗಿ ಕುರ್ಚಿಯ ಮೇಲಿನ ಪುಸ್ತಕಗಳನ್ನು ಎತ್ತಿಡುವ ಶ್ರಮ ಬೇಡ.

ಇತಿ,
ಕೆಳಗಿನ ಸಾಲಿನವಳು

ಮರೆತಿದ್ದ ಮಾತು: ಇದನ್ನು ಬರೆಯಬಾರದೆಂದಿದ್ದೆ, ಲಕೋಟೆ ಅಂಟಿಸುವ ಮುಂಚೆ ಮನಸ್ಸು ಬದಲಾಯಿತು. ಆಸ್ಪತ್ರೆಯಲ್ಲಿ, ಅವಳಿಗೆ ಇನ್ನೂ ಮಾತು ಸ್ಪಷ್ಟವಾಗಿದ್ದಾಗ, ನಾನು ಅವಳ ತಲೆ ಬಾಚುತ್ತಿದ್ದೆ. ಇದ್ದಕ್ಕಿದ್ದಂತೆ, "ಅಕ್ಕ, ಭಾವನಿಗೆ ನಾನೊಂದು ವಾಕ್ಯ ಕೊಟ್ಟಿದ್ದೀನಿ. ಎಷ್ಟ್ ಖುಷಿಯಾದ್ರು ಗೊತ್ತಾ? ಎರಡೆರಡು ಸಲ ಹೇಳಿಸ್ಕೊಂಡ್ರು. ಒಂದಲ್ಲ ಒಂದು ದಿನ ಪುಸ್ತಕದಲ್ಲಿ ಬರುತ್ತೆ. ಬಂದಾಗ ಅದರ ಕನ್ನಡ ನೀನೇ ಬರಿ, ಆಯ್ತಾ? ಬೇರೆಯವರಿಗೆ ಕೊಡಬೇಡ" ಎಂದಳು. ನಿಮ್ಮ ಮೇಲಿನ ಅವಳ ಸಲಿಗೆಗೆ ಇದೂ ಒಂದು ಸಾಕ್ಷಿ ಎಂದುಕೊಂಡು, ಬಾಚಣಿಗೆ ಇಟ್ಟು ಎದ್ದುಹೋಗಿದ್ದೆ. ಅವಳು ನನಗೆ ಹೇಳುತ್ತಿದ್ದದ್ದು ಏನೆಂದು ಈಗ ಗೊತ್ತಾಗಿದೆ. ಬರೆಯುವವಳು ನಾನೇ, ಅವಳ ಮಾತು ಮೀರುವುದಿಲ್ಲ. ಆದರೆ ಮೂರನೆಯ ಸಲ ಅದನ್ನು ಯಾರ ಬಾಯಿಂದ ಹೇಳಿಸಬೇಕು ಎಂದು ಅವಳು ಹೇಳಿರಲಿಲ್ಲ. ಅದನ್ನು ನಾನು ಗೊತ್ತುಮಾಡಿದ್ದೇನೆ. ಗುರುವಾರ.